ಸೇಡಂನವನ ಕೈ, ಶಹಾಬಾದಿನ ಡಿಸ್ಕು

ಆ ಹೆಣ್ಣುಮಗಳು ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಬಂದು ಮೊದಲು ವಿಚಾರಿಸಿದ್ದು ಸೇಡಂನವನನ್ನು. ಬಗಲಲ್ಲಿ ಟವೆಲ್ಲಿನಲ್ಲಿ ಸುತ್ತಿದ ಲ್ಯಾಪ್‌ಟಾಪ್ ಇತ್ತು.

"ಸೇಡಂ ಸರ್ ಊರಾಗಿಲ್ಲಂತ್ರಿ, ಅಂಗಡಿ ಬಂದ್ ಅದ. ಯಾವಾಗ ಬರ್ತಾರ ನಿಮಗೇನರ ಗೊತ್ತದೇನ್ರಿ?"

ನಾನು ಶಹಾಬಾದಿನಲ್ಲಿ ಲ್ಯಾಪ್‌ಟಾಪ್ ರಿಪೇರಿಯ ಬೋರ್ಡು ಹಾಕಿಕೊಂಡು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದೇನೆ. ಇವಳು ಬಂದು ನನ್ನನ್ನೇ ಇನ್ನೊಬ್ಬ ರಿಪೇರಿಯವನ ವೇಳೆ ಕೇಳುತ್ತಿದ್ದಾಳೆ. ಹೊಟ್ಟೆಯೊಳಗೆ ಬೆಂಕಿ ಬಿತ್ತು. "ಗೊತ್ತಿಲ್ರಿ. ನಿಮಗ ಬೇಕಾಗಿದ್ದು ಅವರೋ, ರಿಪೇರಿಯೋ?" ಎಂದೆ. ಅವಳಿಗೆ ನನ್ನ ದನಿಯ ಬಿಸಿ ತಾಕಿರಬೇಕು. ಸುಮ್ಮನೆ ಟವೆಲ್ ಬಿಚ್ಚಿ ಲ್ಯಾಪ್‌ಟಾಪ್ ನನ್ನ ಮೇಜಿನ ಮೇಲಿಟ್ಟಳು.

ಸೇಡಂನವನ ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ. ಅವನೂ ನಾನೂ ವಾಡಿಯಲ್ಲಿ ಒಬ್ಬನೇ ಉಸ್ತಾದನ ಕೈಕೆಳಗೆ ಕೆಲಸ ಕಲಿತವರು. ಒಂದು ದಿನ ನಾನು ಬೆಳಗಿನಿಂದ ಬೆಸುಗೆ ಹಾಕಿ ಹಾಕಿ ಹೈರಾಣಾದ ಟಿವಿಯೊಂದು, ಇವನು ಬಂದು ಬರೀ ಹಿಂಬದಿ ತಟ್ಟಿದ್ದಕ್ಕೆ ಹತ್ತಿಕೊಂಡಿತು. ಉಸ್ತಾದ ಅಂಗಡಿ ತುಂಬ ಜನರಿರುವಾಗ, "ಇವನ ಕೈಗುಣ ನೋಡ್ರಿ" ಎಂದುಬಿಟ್ಟ. ಅವತ್ತಿನಿಂದ ಆ ಮಾತು ಅವನ ಬೆನ್ನು ಬಿಟ್ಟಿಲ್ಲ. ನಮ್ಮ ಕಡೆ ಡಾಕ್ಟರಿಗೆ ಕೈಗುಣ ನೋಡುತ್ತಾರೆ, ಬೀಜ ಬಿತ್ತುವವನಿಗೆ ನೋಡುತ್ತಾರೆ, ಹೊಸ ಒಲೆ ಹಚ್ಚುವವಳಿಗೆ ನೋಡುತ್ತಾರೆ. ಈಗ ಚಿಂಚೋಳಿಯಿಂದ ಚಿತ್ತಾಪುರದವರೆಗೆ ಲ್ಯಾಪ್‌ಟಾಪ್ ಕೆಟ್ಟರೂ ನೋಡುತ್ತಾರೆ. ನಾನು ಸರಿಮಾಡಿದ ಯಂತ್ರ ಸರಿಯಾಗಿಯೇ ಇತ್ತೆಂದು ಜನ ತಿಳಿಯುತ್ತಾರೆ, ಅವನು ಸರಿಮಾಡಿದ್ದು ಬದುಕಿ ಬಂತೆನ್ನುತ್ತಾರೆ. ಇದು ಹೊಟ್ಟೆಕಿಚ್ಚೇ. ಬೇರೆ ಹೆಸರು ನನಗೆ ಗೊತ್ತಿಲ್ಲ.

ಅವಳು ಬಟನ್‌ಗೆ ಕೈ ಹಾಕುವುದಕ್ಕೂ ನಾನು ತಡೆಯುವುದಕ್ಕೂ ಸರಿಹೋಯಿತು. "ಹಚ್ಚಬ್ಯಾಡ್ರಿ. ಮೊದಲು ಏನಾತು ಅದನ್ನ ಹೇಳ್ರಿ."

ಎರಡು ದಿನದಿಂದ ಒಳಗೆ ಟಿಕ್ ಟಿಕ್ ಎನ್ನುತ್ತಿದೆಯಂತೆ. ಒಂದು ಚಿತ್ರ ತೆರೆಯಬೇಕಾದರೆ ಚಹಾ ಕುಡಿದು ಬರುವಷ್ಟು ಹೊತ್ತು. ನಿನ್ನೆ ನೀಲಿ ಪರದೆ ಬಂದು ನಿಂತುಬಿಟ್ಟಿದೆ. ಅವಳು ಕೆಲಸ ಮಾಡುವುದು ಶಹಾಬಾದ್–ವಾಡಿ ನಡುವಿನ ಒಂದು ಕಲ್ಲಿನ ಯುನಿಟ್‌ನಲ್ಲಿ. ಪಾಲಿಶ್ ಮಾಡಿದ ಪರಸಿ ಕಲ್ಲಿನ ಮೇಲೆ ಯಂತ್ರ ಚಿತ್ರ ಕೆತ್ತುತ್ತದೆ, ಆ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಿ ಕೊಡುವವಳು ಇವಳು. ಲ್ಯಾಪ್‌ಟಾಪ್ ಎಲ್ಲಿ ಇಡುತ್ತಿದ್ದಿರಿ ಎಂದರೆ, ಕೆತ್ತುವ ಯಂತ್ರದ ಮೇಜಿನ ಮೇಲೆಯೇ ಎಂದಳು. ಇಡೀ ವರ್ಷ ಅದರೊಳಗಿನ ಹಾರ್ಡ್ ಡಿಸ್ಕು ಕಲ್ಲಿನ ಜೊತೆಗೇ ನಡುಗಿದೆ.

"ಒಳಗ ಏನದ?"

ಅವಳು ಉಗುರು ನೋಡಿಕೊಳ್ಳುತ್ತ ಹೇಳಿದಳು. ಅವಳ ತವರು ಚಿತ್ತಾಪುರ ತಾಲೂಕು, ಸನ್ನತಿಯ ಕಡೆ ಭೀಮಾ ದಂಡೆಯ ಒಂದು ಹಳ್ಳಿ. ಅಲ್ಲಿಯ ಬೌದ್ಧ ಮನೆತನದವರು ಎಲ್ಲರೂ ಕೈಯಿಂದ ದುಡಿದು ಒಂದು ವಿಹಾರ ಕಟ್ಟುತ್ತಿದ್ದಾರೆ. ಒಳಗಿನ ಗೋಡೆಯ ಸುತ್ತ ಒಂದು ಸಾಲು ಕೆತ್ತನೆಯ ಕಲ್ಲು ಕೂರಿಸಬೇಕು. ಚಿತ್ರವೆಲ್ಲ ಇವಳದೇ. ಅರ್ಧ ಸಾಲು ಕೆತ್ತಿ ಗೋಡೆಗೆ ಕೂತಿದೆ. ಉಳಿದ ಅರ್ಧ ಇನ್ನೂ ಕಲ್ಲಿಗೆ ಇಳಿದಿಲ್ಲ, ಈ ಡಿಸ್ಕಿನಲ್ಲಷ್ಟೇ ಇದೆ.

"ಬ್ಯಾರೆ ಕಡೆ ಕಾಪಿ?"

"ಕೆತ್ತೋ ದಿನ ಪೆನ್‌ಡ್ರೈವ್‌ನಾಗ ಒಯ್ತಿದ್ದೆರಿ. ಜಾಗ ಸಾಲ್ದಂತ ಮತ್ತ ಅಳಿಸ್ತಿದ್ದೆ." ದನಿ ಸಣ್ಣದಾಯಿತು. "ಹುಣ್ಣಿವಿಗೆ ಉದ್ಘಾಟನಾ ಅದ. ಇವು ಹೋದ್ವಂದರ ಕಮಿಟಿಯವರು ಹೈದರಾಬಾದಿನಿಂದ ಸಿಮೆಂಟಿನ ಅಚ್ಚಿನ ಚಿತ್ರ ತಂದು ಕೂಡಿಸ್ತಾರ. ಅರ್ಧ ಗ್ವಾಡಿ ನಂದು, ಅರ್ಧ ಗ್ವಾಡಿ ಅಚ್ಚಿಂದು. ನಾ ಆ ಊರಿಗೆ ಹ್ಯಾಂಗ ಹೋಗ್ಲಿರಿ?"

ಸೇಡಂ ಸರ್ ಎಂದು ಅವಳು ಮತ್ತೆ ಅನ್ನುವ ಮುಂಚೆ ನಾನು ಸ್ಕ್ರೂಡ್ರೈವರ್ ಎತ್ತಿಕೊಂಡೆ.

ಲ್ಯಾಪ್‌ಟಾಪ್ ಬೋರಲು ಹಾಕಿ ಸ್ಕ್ರೂಗಳನ್ನು ಬಿಚ್ಚಿದೆ. ಹಿಂದಿನ ರಬ್ಬರ್ ಪಾದದ ಅಡಿಯಲ್ಲಿ ಒಂದು ಅಡಗಿ ಕೂತಿರುತ್ತದೆ, ಅದನ್ನು ಮರೆತು ಮುಚ್ಚಳ ಎಳೆದರೆ ಬಿರುಕು ಗ್ಯಾರಂಟಿ. ಒಳಗೆ ಕಲ್ಲಿನ ಹಿಟ್ಟು ಜೋಳದ ಹಿಟ್ಟಿನಂತೆ ಕೂತಿತ್ತು. ಮೊದಲು ಬ್ಯಾಟರಿಯ ವೈರು ಕಿತ್ತೆ, ಆಮೇಲೆ ಡಿಸ್ಕನ್ನು ಅದರ ಚೌಕಟ್ಟಿನಿಂದ ಅಡ್ಡಕ್ಕೆ ಜಾರಿಸಿ ಹೊರತೆಗೆದೆ. ಡಿಸ್ಕು ಹೊರಬರುವವರೆಗೆ ಬ್ಲೋವರ್ ಹಿಡಿಯುವಂತಿಲ್ಲ, ಧೂಳು ಎಲ್ಲಿ ಹೊಕ್ಕೀತೋ ಹೇಳಲಿಕ್ಕಾಗದು.

ಈ ಹಳೆಯ ತರಹದ ಡಿಸ್ಕಿನೊಳಗೆ ಕನ್ನಡಿಯಂಥ ಒಂದು ತಟ್ಟೆ ತಿರುಗುತ್ತಿರುತ್ತದೆ. ಅದರ ಮೇಲೆ ಮುಟ್ಟಿಯೂ ಮುಟ್ಟದಂತೆ ಒಂದು ಓದುವ ಮುಳ್ಳು ಓಡಾಡುತ್ತದೆ. ಆ ಮುಳ್ಳು ಸೋತಾಗಲೇ ಟಿಕ್ ಟಿಕ್. ಇಂಥ ಡಿಸ್ಕನ್ನು ಒಮ್ಮೆ ಹಚ್ಚುವುದೆಂದರೆ ಅದರ ಉಳಿದ ಉಸಿರಿನಲ್ಲಿ ಒಂದನ್ನು ಖರ್ಚು ಮಾಡುವುದು. ಆದ್ದರಿಂದ ಅದರ ಮೇಲೆ ರಿಪೇರಿ ಮಾಡುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬೇರೆ ಗಟ್ಟಿ ಡಿಸ್ಕಿಗೆ ನಕಲು ಇಳಿಸಿಕೊಂಡು, ಏನು ಸರಿಪಡಿಸುವುದಿದ್ದರೂ ನಕಲಿನ ಮೇಲೆಯೇ ಮಾಡಬೇಕು. ಸೇಡಂನವನಾಗಿದ್ದರೆ ಯುಎಸ್‌ಬಿ ವೈರು ಸಿಕ್ಕಿಸಿ, ನಾಲ್ಕು ಮಾತಾಡಿ, ಫೋಲ್ಡರ್ ಎಳೆಯಲು ಶುರುಮಾಡುತ್ತಿದ್ದ. ಇದನ್ನು ಯೋಚಿಸಿ ನನಗೆ ಒಳಗೊಳಗೆ ಬಹಳ ಸುಖವಾಯಿತು.

ನನ್ನ ಹತ್ತಿರ ಇದಕ್ಕೇ ಎಂದು ಇಟ್ಟ ಒಂದು ಹಳೆಯ ಕಂಪ್ಯೂಟರ್ ಇದೆ. ಅದರಲ್ಲಿ ವಿಂಡೋಸ್ ಇಲ್ಲ. ವಿಂಡೋಸ್ ರೋಗಿಯನ್ನು ಕಂಡ ಕೂಡಲೇ ತಾನೇ ವೈದ್ಯ ಎಂದು ನುಗ್ಗುತ್ತದೆ. ಕೆಳಗೆ ರಬ್ಬರಿನ ಹಾಳೆ, ಮೇಲೆ ಎರಡು ಬೆರಳು ದಪ್ಪದ ಪರಸಿ, ಅದರ ಮೇಲೆ ಡಿಸ್ಕು. ನಮ್ಮ ಊರಿನ ಕಲ್ಲು ತಂಪು ಹಿಡಿಯುತ್ತದೆ, ಭಾರಕ್ಕೆ ಅಲುಗಾಡುವುದಿಲ್ಲ. ಯುಪಿಎಸ್ ನೋಡಿಕೊಂಡು ವೈರು ಹಚ್ಚಿದೆ. ನಕಲಿಳಿಸುವ ಪ್ರೋಗ್ರಾಮು ಸುಲಭವಾಗಿ ಓದಲು ಬರುವುದನ್ನು ಮೊದಲು ಓದುತ್ತದೆ, ಕೊಳೆತ ಜಾಗ ಬಂದರೆ ಹಾರಿ ಮುಂದೆ ಹೋಗುತ್ತದೆ, ಎಲ್ಲಿ ಹಾರಿದೆ ಎಂಬುದನ್ನು ನೆನಪಿಟ್ಟುಕೊಳ್ಳುತ್ತದೆ. ಪರದೆಯ ಮೇಲೆ ಹಸಿರು ಪಟ್ಟಿ ಬೆಳೆಯತೊಡಗಿತು. ಅವಳು ಅದನ್ನೇ ನೋಡುತ್ತ ಕುಳಿತಳು.

ಮಧ್ಯಾಹ್ನ ಖಣಿಯ ಸೈರನ್ ಆಯಿತು. ಬ್ಲಾಸ್ಟಿಂಗಿನ ಮುಂಚಿನ ಸೈರನ್, ಇಲ್ಲಿಯವರಿಗೆ ಅದು ಊಟದ ಗಂಟೆಯಷ್ಟೇ ರೂಢಿ. ನಾನು ಡಿಸ್ಕು ಓದಿಸುವುದನ್ನು ನಿಲ್ಲಿಸಿ ಮುಳ್ಳನ್ನು ಬದಿಗೆ ಸರಿಸಿ ಮಲಗಿಸಿದೆ. ಸ್ವಲ್ಪ ಹೊತ್ತಿಗೆ ಕಿಟಕಿಯ ಗಾಜು ಝಲ್ಲೆಂದಿತು, ಮೇಜಿನ ಮೇಲಿನ ಸ್ಕ್ರೂಗಳು ಡಬ್ಬಿಯೊಳಗೆ ಮಾತಾಡಿಕೊಂಡವು. ಸದ್ದು ಅಡಗಿದ ಮೇಲೆ ಮತ್ತೆ ಶುರು ಮಾಡಿದೆ. ಈ ಊರಿನಲ್ಲಿ ಡಿಸ್ಕು ರಿಪೇರಿ ಮಾಡುವವನು ಖಣಿಯ ಟೈಮ್‌ಟೇಬಲ್ ಬಾಯಿಪಾಠ ಮಾಡಿಕೊಂಡಿರಬೇಕು.

ಸಂಜೆಗೆ ಬಹುಭಾಗ ಹಸಿರಾಯಿತು. ನಾಳೆ ಬರಲು ಹೇಳಿ ಕಳಿಸಿದೆ. ಹೋಗುವಾಗ ಅವಳು, "ನಿಮ್ಮದೂ ಕೈ ಛಲೋ ಅದ ಅನ್ನಸ್ತದರಿ" ಎಂದಳು. ಆ 'ಊ' ಅಕ್ಷರ ನನ್ನ ಕಿವಿಯಲ್ಲಿ ಊಟ ಮುಗಿಯುವವರೆಗೆ ಇತ್ತು.

ಮರುದಿನ ಕೆಲಸ ಕೆಟ್ಟಿತು. ಪಟ್ಟಿಯ ನಡುವೆ ಒಂದು ಅಗಲ ಜಾಗ ಕಪ್ಪಗೆ ಉಳಿದಿತ್ತು. ಅದರ ಅಂಚಿಗೆ ಹೋದ ಕೂಡಲೇ ಡಿಸ್ಕು ಟಿಕ್ ಎಂದು ತಡವರಿಸಿ ನಿಂತುಬಿಡುತ್ತಿತ್ತು. ಒಂದೆರಡು ಸಲ ಬಿಟ್ಟು ಬಿಟ್ಟು ನೋಡಿದೆ. ಶಬ್ದ ಗಡಸಾಯಿತು. ನಿಲ್ಲಿಸಿ, ಡಿಸ್ಕಿಗೆ ವಿಶ್ರಾಂತಿ ಕೊಟ್ಟು, ಅಷ್ಟರವರೆಗೆ ಇಳಿದ ನಕಲನ್ನು ತೆರೆದೆ. ಫೋಲ್ಡರುಗಳ ಹೆಸರೆಲ್ಲ ಸರಿಯಾಗಿ ಕಾಣುತ್ತಿದ್ದವು. ಹಳೆಯ ಬಿಲ್ಲು, ಹಾಡು, ಮದುವೆಯ ಫೋಟೋ ಎಲ್ಲ ತೆರೆದವು. 'ವಿಹಾರ' ಎಂಬ ಫೋಲ್ಡರಿನ ಹಳೆಯ ಚಿತ್ರಗಳೂ ತೆರೆದವು. ಹೊಸವು ಮಾತ್ರ ಬೂದು ಬಣ್ಣದ ಖಾಲಿ ಚೌಕ. ಬೇಕಾಗಿದ್ದೆಲ್ಲ ಆ ಕಪ್ಪು ಜಾಗದಲ್ಲಿಯೇ ಕೂತಿತ್ತು.

ಮುಂದಿನ ದಾರಿ ನನಗೆ ಗೊತ್ತಿತ್ತು. ಹಿಂದಿನಿಂದ ಓದಿಸಬೇಕು. ಮುಂದಿನಿಂದ ಬಂದರೆ ಡಿಸ್ಕು ಆಸೆಬುರುಕನಂತೆ ಮುಂದಿನ ತುತ್ತನ್ನೂ ಸೇರಿಸಿ ಓದಲು ಹೋಗಿ ಕೊಳೆತ ಜಾಗದಲ್ಲಿ ಸಿಕ್ಕಿಬೀಳುತ್ತದೆ. ಹಿಂದಿನಿಂದ ಬಂದರೆ ಆ ಆಸೆಗೆ ಅವಕಾಶವಿಲ್ಲ, ಚೂರು ಚೂರೇ ಕೈಗೆ ಬರುತ್ತದೆ. ಆದರೆ ಬಹಳ ನಿಧಾನ, ನಡುವೆ ಒಂದು ಬ್ಲಾಸ್ಟ್ ಆದರೂ ಕಷ್ಟ. ಖಣಿಗೆ ರಜೆ ಇರುವುದು ರವಿವಾರ. ಅಲ್ಲಿಯವರೆಗೆ ಡಿಸ್ಕನ್ನು ಕಲ್ಲಿನ ಮೇಲೆ ತಣ್ಣಗೆ ಮಲಗಿಸುವುದೆಂದು ನಿರ್ಧರಿಸಿ ಅವಳಿಗೆ ಫೋನಿನಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದೆ.

ಅವಳು ಎಲ್ಲ ಕೇಳಿಸಿಕೊಂಡಳು. ಆಮೇಲೆ, "ಸೇಡಂ ಸರ್ ಬಂದಾರಂತ್ರಿ" ಎಂದಳು.

ಮರುದಿನ ಬೆಳಿಗ್ಗೆ ಅವಳ ಜೊತೆ ವಿಹಾರದ ಕಮಿಟಿಯ ಹಿರಿಯ ಬಂದ. ಬಿಳಿ ಅಂಗಿ, ಮೆತ್ತನೆಯ ಮಾತು, ಅಲುಗಾಡದ ಮನಸ್ಸು. ಕುಂದ್ರಿ ಎಂದರೆ ಕೂರದೆ ನಿಂತೇ ಹೇಳಿದ.

"ನಿಮ್ಮ ಮ್ಯಾಲ ಬ್ಯಾಸರಿಲ್ರಿ. ಭಾಳ ಕಷ್ಟ ತಗೊಂಡೀರಿ. ಆದರ ಡಿಸ್ಕ್ ಕೊಡ್ರಿ, ಒಂದ್ಸಲ ಸೇಡಂ ಸರ್ ಕೈಲಿಂದ ಹಚ್ಚಿಸ್ಕೊಂಡು ಬರ್ತೀವಿ."

"ಹಚ್ಚಿಸೋದಲ್ರಿ ಅದು. ಹಚ್ಚಿದಷ್ಟೂ ಕೆಡ್ತದ," ಎಂದೆ. "ನೀವು ವಿಹಾರ ಕಟ್ಟೋರು. ಇಂಥಾದ್ದೆಲ್ಲ ನಂಬ್ತೀರೇನ್ರಿ?"

"ದೇವರ ಮಾತಲ್ರಿ ಇದು, ಕೈಯ ಮಾತು. ನನ್ನ ಮೊಮ್ಮಗಳಿಗೆ ಒಬ್ಬ ಡಾಕ್ಟರ್ ಸೂಜಿ ಮಾಡಿದರ ಜ್ವರ ಇಳೀತಾವ, ಇನ್ನೊಬ್ಬರು ಅದೇ ಸೂಜಿ ಮಾಡಿದರ ಇಳೆಂಗಿಲ್ಲ. ಕಣ್ಣಾರೆ ನೋಡೀನಿ. ಊರಾಗ ಎಲ್ಲರೂ ಅದನ್ನೇ ಅನ್ನಾಕತ್ತಾರ. ನಾಳಿಗಿ ಏನರ ಆತಂದ್ರ, ಸೇಡಂಗ ಯಾಕ ಒಯ್ಲಿಲ್ಲಂತ ನನ್ನ ಕೇಳ್ತಾರ."

ಡಿಸ್ಕನ್ನು ಕಲ್ಲಿನ ಮೇಲಿಂದ ಎತ್ತಿ ಅದರ ಬೆಳ್ಳಿಬಣ್ಣದ ಚೀಲದಲ್ಲಿ ಹಾಕಿದೆ. ಚೀಲದ ಬಾಯಿ ಮಡಚುವಾಗ ನನ್ನ ತಲೆಯಲ್ಲಿ ಏನು ನಡೆದಿತ್ತೆಂಬುದನ್ನು ಮುಚ್ಚಿಡುವುದಿಲ್ಲ. ಒಯ್ಯಲಿ. ಬಸ್ಸಿನಲ್ಲಿ ಕುಲುಕಾಡಿಕೊಂಡು ಸೇಡಂ ಮುಟ್ಟಲಿ. ಅವನು ಅಂಗಡಿ ತುಂಬ ಜನರಿರುವಾಗ ನಗುನಗುತ್ತ ಬಟನ್ ಒತ್ತಲಿ. ಅದು ಅವನ ಕೈಯಲ್ಲೇ ಸಾಯಲಿ. ಇಡೀ ಹಳ್ಳಿ ನೋಡುತ್ತದೆ, ನಾಡಿದ್ದು ಚಿತ್ತಾಪುರ ಬಸ್‌ಸ್ಟ್ಯಾಂಡಿನಲ್ಲಿ ಸುದ್ದಿ ಆಗುತ್ತದೆ, ಕೈಗುಣದ ಕಥೆ ಅಲ್ಲಿಗೆ ಮುಗಿಯುತ್ತದೆ. ನಾನು ಏನೂ ಮಾಡಬೇಕಾಗಿಲ್ಲ, ಸುಮ್ಮನೆ ಕೊಟ್ಟರೆ ಸಾಕು. ಇಷ್ಟು ವರ್ಷದಲ್ಲಿ ಇಂಥ ಅವಕಾಶ ಒಮ್ಮೆಯೂ ಬಂದಿರಲಿಲ್ಲ. ನನಗೆ ಖುಷಿಯಾಯಿತು, ಬಾಯಲ್ಲಿ ಬೆಲ್ಲ ಇಟ್ಟಂಥ ಖುಷಿ.

ಚೀಲ ಚಾಚಿದೆ. ಹಿರಿಯ ಕೈ ಒಡ್ಡಿದ. ಅವಳು ನಡುವೆ ಬಂದಳು.

"ಅಲ್ಲಿ ಹಚ್ಚಿದರ ಉಳೀತದೇನ್ರಿ? ಖರೇ ಹೇಳ್ರಿ."

ಅವಳು ನನ್ನ ಮುಖ ನೋಡುತ್ತಿದ್ದಳು. ಉಳಿದೀತು ಎಂದರೆ ಅದು ಸುಳ್ಳು. ಗೊತ್ತಿಲ್ಲ ಎಂದರೂ ಸುಳ್ಳೇ, ಯಾಕೆಂದರೆ ನನಗೆ ಗೊತ್ತಿತ್ತು. ಅರ್ಧ ಗೋಡೆ ಅಚ್ಚಿನದು ಎಂದು ಅವಳು ಅಂದದ್ದು ನನ್ನ ಬೆಲ್ಲದ ಜೊತೆ ಬಾಯಿಗೆ ಬಂತು.

"ಉಳೆಂಗಿಲ್ಲ," ಎಂದೆ. "ದಾರ್ಯಾಗೇ ಹೋದರೂ ಹೋಗಬಹುದು."

"ಹಂಗಾದರ ನಾ ಒಯ್ಯಂಗಿಲ್ರಿ," ಎಂದು ಅವಳು ಹಿರಿಯನ ಕಡೆ ತಿರುಗಿದಳು. "ಚಿತ್ರಾ ನಂದು."

ಹಿರಿಯನೂ ಸೋಲುವವನಲ್ಲ. "ಹಂಗಾದರ ಸೇಡಂ ಸರೇ ಇಲ್ಲಿಗಿ ಬರ್ಲಿ. ಬಂದು ಕೈ ಇಡ್ಲಿ. ಹಚ್ಚೋದು ಬ್ಯಾಡ, ಕೈ ಇಟ್ಟರ ಕೆಡ್ತದೇನ್ರಿ?"

ಕೈ ಇಟ್ಟರೆ ಕೆಡುವುದಿಲ್ಲ. ಅಂದರೆ ನಾನೇ ಫೋನು ಮಾಡಿ ಅವನನ್ನು ನನ್ನ ಅಂಗಡಿಗೆ ಕರೆಯಬೇಕು, ನನ್ನ ರೋಗಿಯ ಮೇಲೆ ಕೈ ಇಡಲು. ಒಲ್ಲೆ ಎಂದರೆ ಇವರ ನಡುವೆ ಜಗಳ ಹತ್ತಿ ಡಿಸ್ಕು ಇವತ್ತೇ ಬಸ್ಸು ಹತ್ತುತ್ತದೆ. ಹಿರಿಯನ ಎದುರಿಗೇ ನಂಬರ್ ಒತ್ತಿದೆ. ಆ ನಂಬರ್ ನನಗೆ ಬಾಯಿಪಾಠವಿತ್ತೆಂಬುದು ನನಗೇ ನಾಚಿಕೆಯ ವಿಷಯ.

"ಅರೆ, ನೀನೇನೋ," ಎಂದ ಅವನು, ನಿನ್ನೆಯಷ್ಟೇ ಮಾತಾಡಿದವರ ಹಾಗೆ. ಎಲ್ಲ ಹೇಳಿದೆ. ಹಚ್ಚುವಂತಿಲ್ಲ, ಅಲುಗಾಡಿಸುವಂತಿಲ್ಲ, ಬರೀ ಕೈ ಎಂದೆ. ಅವನು, "ಬರ್ತೀನಿ ತಗೊ. ರವಿವಾರ ಬೆಳಗಿನ ಗಾಡಿಗಿ," ಎಂದ. ಇಷ್ಟೇ. ಅವನು ಸ್ವಲ್ಪವಾದರೂ ಮೆರೆದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ರವಿವಾರ ಅವನು ವಾಡಿಗೆ ರೈಲುಗಾಡಿಯಲ್ಲಿ ಬಂದು, ಅಲ್ಲಿಂದ ಬಸ್ಸು ಹತ್ತಿ ನನ್ನ ಅಂಗಡಿಗೆ ಬಂದ. ಕೈಯಲ್ಲಿ ನನ್ನ ಮನೆಗೆಂದು ಕರದಂಟು. ಬೆಳ್ಳಗಾದ ಗಡ್ಡ, ಅದೇ ಹಳೆಯ ನಗು. ಹಿರಿಯನೂ ಅವಳೂ ಮೊದಲೇ ಬಂದು ಕೂತಿದ್ದರು. ಅವನು ನನ್ನ ಪರದೆಯ ಪಟ್ಟಿ ನೋಡಿದ, ಕಲ್ಲು ನೋಡಿದ, ಕೆಳಗಿನ ರಬ್ಬರ್ ನೋಡಿದ. ನನ್ನ ಕಿವಿಯ ಹತ್ತಿರ ಬಗ್ಗಿ, ಅವರಿಗೆ ಕೇಳದ ಹಾಗೆ ಹೇಳಿದ.

"ನನ್ನ ಹಂತ್ಯಾಕ ತಂದಿದ್ದರ ಇದು ಮೊನ್ನೇನೇ ಸಾಯ್ತಿತ್ತು. ನಂದು ಮದರ್‌ಬೋರ್ಡಿನ ಕೆಲಸಪಾ, ಡಿಸ್ಕಿನ ಸಮಾಧಾನ ನನಗಿಲ್ಲ."

ಆಮೇಲೆ ಕೈ ತೊಳೆದುಕೊಂಡು ಬಂದು ಅಂಗೈಯನ್ನು ಡಿಸ್ಕಿನ ಮೇಲೆ ಇಟ್ಟ. ಕಣ್ಣು ಮುಚ್ಚುವುದು, ತುಟಿ ಅಲುಗಿಸುವುದು ಏನೂ ಇಲ್ಲ. ಕೂಸಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ ಇಟ್ಟು ತೆಗೆದ, ಅಷ್ಟೇ. ಹಿರಿಯನ ಮುಖ ಸಡಿಲಾಯಿತು. ಅವಳು ಉಸಿರು ಬಿಟ್ಟಳು. ನಾನು ಸುಡುತ್ತ ನಿಂತಿದ್ದೆ. ಇಷ್ಟು ದಿನ ಆ ಡಿಸ್ಕಿನ ಮೇಲೆ ಕಣ್ಣಿಟ್ಟು ಕುಳಿತವನು ನಾನು, ಆದರೆ ನನ್ನನ್ನು ನೋಡಿ ಆ ಉಸಿರು ಒಮ್ಮೆಯೂ ಬಂದಿರಲಿಲ್ಲ.

ವೈರು ಹಚ್ಚಿದೆ. ಡಿಸ್ಕು ತಿರುಗಿತು, ಒಮ್ಮೆ ಟಿಕ್ ಎಂದಿತು, ಹಾದಿಗೆ ಬಂತು. ಹಿಂದಿನಿಂದ ಓದಲು ಆಜ್ಞೆ ಕೊಟ್ಟೆ. ಒಂದೊಂದು ಸಲಕ್ಕೆ ಚೂರೇ ಚೂರು, ಮತ್ತೆ ವಿರಾಮ, ಬೆರಳಿನಿಂದ ಬಿಸಿ ನೋಡುವುದು, ಮತ್ತೆ ಚೂರು. ಕಪ್ಪು ಪಟ್ಟಿಯ ಬಲ ಅಂಚಿನಲ್ಲಿ ಕೂದಲೆಳೆಯಷ್ಟು ಹಸಿರು ಮೂಡಿತು. ಊರು ಆ ದಿನ ಎಷ್ಟು ನಿಶ್ಶಬ್ದವಿತ್ತೆಂದರೆ ಡಿಸ್ಕಿನ ಸದ್ದು ಬಾಗಿಲವರೆಗೂ ಕೇಳುತ್ತಿತ್ತು. ನಡುವೆ ಒಮ್ಮೆ ಕರೆಂಟು ಹೋಯಿತು, ಯುಪಿಎಸ್ ಹಿಡಿಯಿತು. ಅಂಥ ಹೊತ್ತಿನಲ್ಲೂ ನನಗೆ ಬಂದ ಯೋಚನೆ ಇದು: ಈಗ ಕೆಟ್ಟರೆ ನನ್ನ ಮೇಲೆ, ಬಂದರೆ ಅವನ ಮೇಲೆ.

ಊಟದ ಹೊತ್ತಿಗೆ ಅವನೇ ಹೋಗಿ ಎಲ್ಲರಿಗೂ ಸುಸ್ಲಾ ಮಿರ್ಚಿ ಕಟ್ಟಿಸಿಕೊಂಡು ಬಂದ. ನನ್ನ ತಟ್ಟೆಯನ್ನು ಮೇಜಿನಿಂದ ದೂರ ಇಟ್ಟ, ಎಣ್ಣೆ ಕೈ ಡಿಸ್ಕಿಗೆ ತಾಗದಿರಲಿ ಎಂದು. ಮಧ್ಯಾಹ್ನ ಇಳಿಯುವಷ್ಟರಲ್ಲಿ ಕಪ್ಪು ಪಟ್ಟಿ ಒಂದು ದಾರದಷ್ಟಕ್ಕೆ ಬಂದು ನಿಂತಿತು. ಅಲ್ಲಿ ಡಿಸ್ಕು ಕೀರಲು ಶಬ್ದ ಮಾಡಿತು. ಇನ್ನೂ ಒಂದು ಸುತ್ತು ಹಾಕಿಸಬಹುದೇ ಎಂದು ಯೋಚಿಸಿ, ಬೇಡವೆಂದು ನಿಲ್ಲಿಸಿದೆ. ಆಸೆಗೆ ಅಲ್ಲಿ ಜಾಗವಿರಲಿಲ್ಲ.

ನಕಲಿನದೇ ಇನ್ನೊಂದು ನಕಲು ಮಾಡಿ, ಅದರ ಮೇಲೆ ದುರಸ್ತಿಯ ಪರೀಕ್ಷೆ ಓಡಿಸಿದೆ. ಆಮೇಲೆ ಅದನ್ನು ಹೊಸ ಎಸ್‌ಎಸ್‌ಡಿಗೆ ಇಳಿಸಿದೆ. ಇದರೊಳಗೆ ತಿರುಗುವ ತಟ್ಟೆ ಇಲ್ಲ, ಮುಳ್ಳಿಲ್ಲ, ಕಲ್ಲಿನ ಜೊತೆ ನಡುಗಿದರೂ ತಕರಾರಿಲ್ಲ. ಹಳೆಯ ಡಿಸ್ಕಿನ ಚೌಕಟ್ಟಿಗೇ ಇದನ್ನು ಕೂರಿಸಿ, ಲ್ಯಾಪ್‌ಟಾಪಿನ ಧೂಳು ತೆಗೆದು, ಫ್ಯಾನಿಗೆ ಬ್ರಶ್ ಆಡಿಸಿ, ಬ್ಯಾಟರಿ ವೈರು ಕೊನೆಗೆ ಸಿಕ್ಕಿಸಿ ಮುಚ್ಚಿದೆ. ಬಟನ್ ಒತ್ತಲು ಅವಳಿಗೇ ಹೇಳಿದೆ. ಹಿರಿಯ ಸೇಡಂನವನ ಕಡೆ ನೋಡಿದ. ಅವನು ಎರಡೂ ಕೈ ಜೇಬಿನಲ್ಲಿ ಇಟ್ಟುಕೊಂಡು ಗೋಡೆಗೆ ಒರಗಿದ್ದ.

ಪರದೆ ಬೆಳಗಿತು. ಅವಳು 'ವಿಹಾರ' ತೆರೆದಳು. ಮೊದಲನೆಯದು ಬಂತು, ಎರಡನೆಯದು ಬಂತು. ನಾನು ಆ ಚಿತ್ರಗಳನ್ನು ಪೂರ್ತಿಯಾಗಿ ನೋಡಿದ್ದು ಆಗಲೇ. ಪರಸಿ ಹೊತ್ತ ಹೆಂಗಸರ ಸಾಲು, ಆಲದ ಕೆಳಗೆ ಕೂತು ಕೇಳುತ್ತಿರುವ ಜನ, ಅಂಚಿಗೆ ಬಳ್ಳಿಯ ಬದಲು ಕಾಯಿ ಬಿಟ್ಟ ತೊಗರಿಯ ಟೊಂಗೆ. ಒಂದೊಂದು ಕಾಯಿಯೊಳಗಿನ ಕಾಳಿನ ಉಬ್ಬು ಕೂಡ ಬಿಡಿಸಿದ್ದಳು. ಕೊನೆಯದರ ಕೆಳಗಿನ ಮೂಲೆ ಬೂದು ಬಣ್ಣಕ್ಕೆ ತಿರುಗಿತ್ತು.

"ಮೂಲಿ ಅಷ್ಟೇ ಅದ," ಎಂದಳು. "ಎರಡು ಪಾದ, ಒಂದು ಟೊಂಗಿ. ಮತ್ತ ಬಿಡಿಸ್ತೀನ್ರಿ ನಾ." ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಹಿರಿಯ ಎದ್ದು ಹೋಗಿ ಸೇಡಂನವನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡ. "ಇವರು ಮಾಡ್ಯಾರ್ರಿ, ನಾ ಏನೂ ಮಾಡಿಲ್ಲ," ಎಂದು ಅವನು ಮೂರು ಸಲ ಹೇಳಿದ. ಹೇಳಿದಷ್ಟೂ ಹಿರಿಯನ ಕಣ್ಣಲ್ಲಿ ಅವನು ಇನ್ನೂ ದೊಡ್ಡವನಾದ. ನನ್ನ ಕಡೆ ತಿರುಗಿ ಹಿರಿಯ, "ನಿಮ್ಮದೂ ಭಾಳ ಮೆಹನತ್ ಆತ್ರಿ" ಎಂದ. ಮತ್ತೆ ಅದೇ 'ಊ'.

ಸುದ್ದಿ ಹರಡುವುದಕ್ಕೆ ನಮ್ಮ ಕಡೆ ಪೇಪರ್ ಬೇಕಾಗಿಲ್ಲ. ಸತ್ತ ಡಿಸ್ಕು, ಸೇಡಂ ಸರ್ ಬಂದು ಕೈ ಇಟ್ಟರು, ಎದ್ದು ಕುಳಿತಿತು. ವಾಡಿಯಲ್ಲಿ ನನಗೇ ಒಬ್ಬ ಈ ಕಥೆ ಹೇಳಿದ, ಅಂಗಡಿ ಯಾರದೆಂದು ಅವನಿಗೆ ಗೊತ್ತಿರಲಿಲ್ಲ. ಚಿಂಚೋಳಿಯಿಂದ ಯಾರೋ ಫೋನು ಮಾಡಿ, "ನಿಮ್ಮಲ್ಲಿ ಸೇಡಂ ಸರ್ ಬಂದು ಕೈ ಇಡ್ತಾರಂತಲ್ರಿ, ಯಾವ ವಾರ ಬರ್ತಾರ?" ಎಂದು ಕೇಳಿದರು. ಕರದಂಟು ಬಹಳ ರುಚಿಯಾಗಿತ್ತು, ಅದೂ ಸಹಿಸಲಾಗಲಿಲ್ಲ. ಹೆಂಡತಿಯ ಮುಂದೆ ಅವನನ್ನು ಬೈದೆ. "ಬಂದು ಸಹಾಯ ಮಾಡಿ ಹೋಗ್ಯಾನಲ್ಲ, ಅವನೇನು ತಪ್ಪು ಮಾಡ್ಯಾನ?" ಎಂದಳು. ಅವನು ತಪ್ಪು ಮಾಡುವುದಿಲ್ಲ. ಅದೇ ನನ್ನ ತಕರಾರು.

ಹುಣ್ಣಿಮೆ ಕಳೆದ ಮೇಲೆ ಆ ಹೆಣ್ಣುಮಗಳು ಬಂದಳು. ಸಾಲು ಪೂರ್ತಿಯಾಗಿತ್ತು. ಮೊಬೈಲಿನಲ್ಲಿ ಗೋಡೆ ತೋರಿಸಿದಳು, ಸುತ್ತಲೂ ಒಂದೇ ಕೈಯ ಚಿತ್ರ. ಹೊಸದಾಗಿ ಬಿಡಿಸಿದ ಮೂಲೆ ಯಾವುದೆಂದು ಹುಡುಕಿದೆ, ಸಿಗಲಿಲ್ಲ. ಉದ್ಘಾಟನೆಯ ದಿನ ಸೇಡಂ ಸರ್‌ಗೆ ಶಾಲು ಹೊದಿಸಿದರೆಂದೂ ಹೇಳಿದಳು. ನಾನು ಸ್ಕ್ರೂಡ್ರೈವರಿನ ತುದಿ ಒರೆಸತೊಡಗಿದೆ.

ಅವಳು ಬ್ಯಾಗಿನಿಂದ ಟವೆಲ್ಲಿನಲ್ಲಿ ಸುತ್ತಿದ ಒಂದು ಹೊಸ ಎಕ್ಸ್‌ಟರ್ನಲ್ ಡಿಸ್ಕು ತೆಗೆದು ಮೇಜಿನ ಮೇಲಿಟ್ಟಳು. "ನಾ ಇಲ್ಲೀತನಕ ತೆಗೆದ ಚಿತ್ರಾ ಎಲ್ಲಾ ಇದರಾಗ ಅದರಿ. ಮನ್ಯಾಗ ಒಂದು ಇಟ್ಟೀನಿ. ಇದು ನಿಮ್ಮ ಹಂತ್ಯಾಕ ಇರ್ಲಿ."

"ಇಲ್ಲಿ ಯಾಕ?"

"ಎಲ್ಲಿ ಇಡ್ಲಿರಿ ಮತ್ತ?"

ಕೇಳಬಾರದಿತ್ತು. ಕೇಳದೆ ಇರಲಾಗಲಿಲ್ಲ. "ಸೇಡಂನವರಿಗೂ ಒಂದು ಕೊಟ್ಟೀರೇನು?"

ಅವಳು ನನ್ನನ್ನೇ ನೋಡಿದಳು. ನನ್ನ ಹೊಟ್ಟೆಯೊಳಗಿನದೆಲ್ಲ ಅವಳಿಗೆ ಮೊದಲ ದಿನವೇ ಕಂಡಿತ್ತೆಂದು ಆಗ ತಿಳಿಯಿತು. ನಗು ತಡೆದುಕೊಂಡು ಟವೆಲ್ ಮಡಚುತ್ತ ಹೇಳಿದಳು.

"ಕೈ ಇಡಿಸಿದ್ದು ಊರಿನ ಸಮಾಧಾನಕ್ಕರಿ. ಅವರಿಗ್ಯಾಕ ಕೊಡ್ಲಿ? ಕೆಟ್ಟರ ಅವರೂ ನಿಮ್ಮ ಹಂತ್ಯಾಕೇ ತರ್ತಾರ."

ಡಿಸ್ಕನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಅವಳಿಗೆ ಚಹಾ ತರಿಸಿದೆ. ಸಂಜೆ ಮನೆಗೆ ಹೋಗಿ ಈ ಮಾತನ್ನು ಹೆಂಡತಿಗೆ ಹೇಳಿದೆ. ರೊಟ್ಟಿ ಬಡಿಯುವಾಗ ಒಮ್ಮೆ, ಊಟಕ್ಕೆ ಕೂತಾಗ ಇನ್ನೊಮ್ಮೆ. ಮೂರನೆಯ ಸಲ ಬಾಯಿ ತೆರೆದಾಗ, "ಅವನಿಗೂ ಫೋನ್ ಮಾಡಿ ಹೇಳಿಬಿಡ್ರಿ ಅತ್ಲಾಗ" ಎಂದಳು. ಫೋನು ಕೈಗೆ ತೆಗೆದುಕೊಂಡೆ, ನಂಬರನ್ನೂ ಒತ್ತಿದೆ. ಅವನು, "ಖರೇ ಹೇಳ್ಯಾಳ ನೋಡಪಾ" ಎಂದು ಮನಸಾರೆ ಖುಷಿಪಡುತ್ತಾನೆ ಎಂಬುದು ಹೊಳೆದು, ರಿಂಗ್ ಆಗುವ ಮುಂಚೆಯೇ ಕಟ್ ಮಾಡಿದೆ.